ಒತ್ತಕ್ಷರಕ್ಕೆ ಜಾಗ ಬಿಡಿ

ಬೆಂಗಳೂರಿನ ಒಂದು ಡಿಸೈನ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ನಮ್ಮ ತಂಡದಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಸೇರಿದ ಹೊಸದರಲ್ಲಿ ಒಂದು ಹಿಟ್ಟಿನ ಪ್ಯಾಕೆಟ್ಟಿನ ಪ್ರೂಫ್ ಮೇಜಿನ ಮೇಲಿತ್ತು. ಎಲ್ಲರೂ ಹಸಿರು ಬಣ್ಣ ಸ್ವಲ್ಪ ಜಾಸ್ತಿ ಆಯಿತಾ ಎಂದು ಮಾತಾಡುತ್ತಿದ್ದರು. ನನಗೆ ಕಂಡಿದ್ದು 'ಅಕ್‌ಕಿ ಹಿಟ್‌ಟು'. ಡಿಸೈನ್ ಮಾಡುವ ಸಾಫ್ಟ್‌ವೇರ್ ಆದ ಇಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡಿರಲಿಲ್ಲ, ಅದಕ್ಕೇ ಒತ್ತು ಬಿಚ್ಚಿಕೊಂಡಿತ್ತು. ಎರಡು ನಿಮಿಷದ ಕೆಲಸ. ಆದರೆ ಅದು ಹಾಗೇ ಅಚ್ಚಾಗಿದ್ದರೆ?

ತಪ್ಪಿಗಿಂತ ನನಗೆ ಬೇಜಾರಾಗಿದ್ದು ಕೆಲಸದ ಕ್ರಮ. ಇಂಗ್ಲಿಷ್ ಹೆಸರಿಗೆ ಮೂರು ವಾರ, ಹತ್ತಾರು ಸ್ಕೆಚ್. ಕನ್ನಡಕ್ಕೆ ಕೊನೆಯ ಅರ್ಧ ಗಂಟೆ, ಅದೂ ಉಳಿದ ಜಾಗದಲ್ಲಿ. ಇಂಗ್ಲಿಷಿಗೆಂದು ಮಾಡಿದ ಪಟ್ಟಿಯೊಳಗೆ 'ರಾಷ್ಟ್ರ' ಬರೆದು ನೋಡಿ, ಷ ಕೆಳಗೆ ಟ, ಅದರ ಜೊತೆ ರ, ಎಲ್ಲಕ್ಕೂ ಜಾಗ ಎಲ್ಲಿಂದ ಬರಬೇಕು? ಸಾಲುಗಳ ನಡುವೆ ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಅಕ್ಷರದ ಅಳತೆಯ 120%. ನಾನು ಕನ್ನಡಕ್ಕೆ 150ರ ಹತ್ತಿರ ಇಡುತ್ತೇನೆ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇನ್ನು ಗ್ರಾಹಕರು 'ನುಡಿ' ಎಂಬ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿ ಕಳಿಸಿದರೆ ಅದನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರಕ್ಕೆ ತಂದು, ಅರ್ಕಾವತ್ತು ಸರಿಯಾಗಿ ಕೂತಿದೆಯಾ ಅಂತ ಒಂದೊಂದೇ ಪದ ನೋಡಬೇಕು. ಈ ಹೊತ್ತನ್ನು ಯಾವ ವೇಳಾಪಟ್ಟಿಯಲ್ಲೂ ಬರೆದಿರುತ್ತಿರಲಿಲ್ಲ. ರಾತ್ರಿ ಕೂತು ಮಾಡುತ್ತಿದ್ದೆ.

2024ರಲ್ಲಿ ಬೋರ್ಡಿನಲ್ಲಿ 60% ಕನ್ನಡ ಇರಬೇಕೆಂಬ ಕಾನೂನು ಬಂತು, ಅಲ್ವಾ? ಆಗ ಬೋರ್ಡಿನ ಕೆಲಸ ಒಟ್ಟಿಗೇ ಬಂತು. ಜಾಗ ತುಂಬಿಸಲು ಅಕ್ಷರವನ್ನು ಅಡ್ಡಕ್ಕೆ ಎಳೆದಿದ್ದನ್ನು ನೋಡಿ ನಾನು ಮೊದಲ ಸಲ ಮೀಟಿಂಗಿನಲ್ಲಿ ದನಿ ಏರಿಸಿದೆ. ಎಳೆದರೆ ಉದ್ದ ಗೆರೆ ಒಂದು ದಪ್ಪ, ಅಡ್ಡ ಗೆರೆ ಇನ್ನೊಂದು ದಪ್ಪ ಆಗುತ್ತದೆ, ಅಕ್ಷರದ ದುಂಡು ಹೋಗುತ್ತದೆ. 'ಅನೇಕ್', 'ಬಾಲೂ ತಮ್ಮ' ತರಹದ ಒಳ್ಳೆಯ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಹಾಗಿರುವಾಗ ಎಳೆಯುವುದು ಯಾಕೆ?

ಕಳೆದ ತಿಂಗಳು ಒಂದು ಬೇಕರಿಯ ಕೆಲಸ ಬಂತು. ಹೆಸರಿನಲ್ಲಿ 'ಬೆಣ್ಣೆ' ಇತ್ತು. ಕನ್ನಡ ಓದಲು ಬಾರದ ನಮ್ಮ ಹಿರಿಯ ಡಿಸೈನರ್ ನನ್ನ ಕೈಗೆ ದಪ್ಪ ಮಾರ್ಕರ್ ಕೊಟ್ಟು, ಮೊದಲು ನೀನು ಬರಿ, ಇಂಗ್ಲಿಷ್ ಆಮೇಲೆ ಅಂದರು. ಹಾಳೆ ತುಂಬಾ ಬೆಣ್ಣೆ ಬರೆದೆ. ಅವರು ಪಕ್ಕದಲ್ಲೇ ಕೂತು, ಣ ಕೆಳಗಿನ ಒತ್ತಿನ ಬಾಗು ನೋಡಿಕೊಂಡು ಇಂಗ್ಲಿಷ್ ಅಕ್ಷರ ತಿದ್ದುತ್ತಿದ್ದರು.