ಮೊದಲ ಸಾಲಿನಲ್ಲಿ ಕೂರಿಸಿದ್ದು ನಾನೇ

ನಾನು ಚಿಂತಾಮಣಿ ಕಡೆಯ ಒಂದು ವೃದ್ಧಾಶ್ರಮದಲ್ಲಿ ಸ್ಟಾಫ್ ನರ್ಸ್. ಅಕ್ಟೋಬರ್ 1 ಹಿರಿಯರ ದಿನ. 1990ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ನಮ್ಮಲ್ಲಿ ಅವತ್ತು ಆರ್ಕೆಸ್ಟ್ರಾ, ಹಾರ, ಶಾಲು, ದಾನಿಗಳ ಜೊತೆ ಫೋಟೊ. ಹೋದ ವರ್ಷ ಹಾಡಿನ ಪಟ್ಟಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಅಮ್ಮನ ಮೇಲಿರೋ ಸಿನಿಮಾ ಹಾಡುಗಳನ್ನೇ ಆರಿಸಿದೆ.

ಅದಕ್ಕೆ ಒಂದು ವಾರ ಮುಂಚೆ, ರೌಂಡ್ಸ್‌ನಲ್ಲಿ ಏಳನೇ ಬೆಡ್ಡಿನ ಅಜ್ಜಿ ಕೈ ಹಿಡಿದು ಕೇಳಿದ್ದರು. "ತಾತಯ್ಯನ ಪದ ಒಂದು ಹಾಡಿಸ್ತೀಯೇನಮ್ಮ?" ಕೈವಾರ ತಾತಯ್ಯ, ಅಂದರೆ ಯೋಗಿ ನಾರೇಯಣರ ತತ್ವಪದ. ಅಜ್ಜಿಗೆ ಬರೋದು ತೆಲುಗಿನವು. "ಕನ್ನಡ ಕಾರ್ಯಕ್ರಮ ಅಜ್ಜಿ, ಟೈಮೂ ಇಲ್ಲ" ಅಂದುಬಿಟ್ಟೆ. ತಾತಯ್ಯ ಎರಡೂ ಭಾಷೆಯಲ್ಲಿ ಹಾಡಿದವರು. ಅವರ ಕೈವಾರ ಇರೋ ತಾಲ್ಲೂಕಿನಲ್ಲೇ ನಿಂತು ನಾನು ಆ ಮಾತು ಆಡಬಾರದಿತ್ತು.

ಅವತ್ತು ಗೌರವ ಅಂತ ಅಜ್ಜಿಯನ್ನು ಮೊದಲ ಸಾಲಿನಲ್ಲಿ, ಸ್ಪೀಕರ್ ಪಕ್ಕದಲ್ಲೇ ಕೂರಿಸಿದೆ. ಮೇಲೆ ತಗಡಿನ ಶೀಟು. ಎರಡನೇ ಹಾಡಿಗೆ ಅಜ್ಜಿಯ ಕಣ್ಣಲ್ಲಿ ನೀರು ಬಂತು. ಹಾಡು ಮನಸ್ಸಿಗೆ ತಟ್ಟಿತು ಅಂದುಕೊಂಡೆ. ಖುಷಿಯಾಯ್ತು. ಫೋಟೊದವರಿಗೆ ಸನ್ನೆ ಮಾಡಿದೆ. ಅಜ್ಜಿ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡರು. ಚಳಿ ಇರಬೇಕು ಅಂತ ತಲೆ ಮೇಲಿಂದ ಶಾಲು ಹೊದಿಸಿದೆ. ಮೂರನೇ ಹಾಡು ಮುಗಿಯೋ ಹೊತ್ತಿಗೆ ಅವರ ಕೈ ನಡುಗ್ತಾ ಇತ್ತು.

ಆಯಾ ಅಕ್ಕ ಓಡಿ ಬಂದರು. "ಸಿಸ್ಟರ್, ಕಿವಿ ಮಿಷನ್ ಕೀ ಅಂತಿದೆ, ಮೊದಲು ತೆಗೀರಿ!"

ಬೆಳಿಗ್ಗೆ ಅದನ್ನು ಹಾಕಿದ್ದು ನಾನೇ. ಚೆನ್ನಾಗಿ ಕೇಳಲಿ ಅಂತ ವಾಲ್ಯೂಮ್ ಏರಿಸಿದ್ದೂ ನಾನೇ. ರೂಮಿಗೆ ಕರ್ಕೊಂಡು ಹೋಗಿ ನೋಡಿದರೆ ಬಿಪಿ 180/100.

ವಯಸ್ಸಾದ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸಲ್ಲ, ಜೋರಾದದ್ದು ಮಾತ್ರ ಬೇಗ ನೋಯಿಸುತ್ತೆ. ಮಿಷನ್ ಮೇಲೆ ಬಟ್ಟೆ ಮುಚ್ಚಿದರೆ ಸೀಟಿ ಹೊಡೆಯುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ದಿನಾ ಮಾಡೋ ಕೆಲಸವೇ ಅಲ್ವಾ? ಆದರೂ ಅಜ್ಜಿಯ ಮುಖ ನೋಡಿ, ನನಗೆ ಬೇಕಾದ ಅರ್ಥ ಮಾಡಿಕೊಂಡೆ. ಅಳ್ತಿದ್ದೀರಲ್ಲ ಯಾಕೆ ಅಂತ ಬಗ್ಗಿ ಒಂದು ಮಾತು ಕೇಳಲಿಲ್ಲ.

ಮ್ಯಾನೇಜ್‌ಮೆಂಟ್‌ನವರಿಗೆ ಆ ಅಳುವ ಫೋಟೊ ತುಂಬಾ ಹಿಡಿಸಿತು. ಈ ವರ್ಷದ ಬ್ಯಾನರ್‌ಗೂ ಅದನ್ನೇ ಹಾಕಿದ್ದಾರೆ. ಅದು ನೋವಿನ ಅಳು, ತೆಗೆಸಿ ಅಂತ ಎರಡು ಸಲ ಬರೆದುಕೊಟ್ಟಿದ್ದೇನೆ. ಉತ್ತರ ಇಲ್ಲ. ಮತ್ತೆ ಬರೀತೀನಿ.

ಅವತ್ತು ಸಂಜೆ ಹ್ಯಾಂಡೋವರ್ ಮುಗಿಸಿ ಅಜ್ಜಿಯ ಹತ್ತಿರ ಕೂತೆ. ತಪ್ಪಾಯ್ತು ಅಂದೆ. ಪದ ಹೇಳಿಕೊಡಿ ಅಂತ ಕೇಳಿದೆ. "ಬಳೆ ಮಾರ್ತಿದ್ದೋರು ಕಣಮ್ಮ. ನೂರಾಹತ್ತು ವರ್ಷ ಬಾಳಿದರಂತೆ" ಅಂತ ಶುರು ಮಾಡಿದರು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅವರು ತಾತಯ್ಯನೇ. ಆಮೇಲೆ ಬೆಡ್ಡಿನ ಕಂಬಿ ಮೇಲೆ ಬೆರಳಲ್ಲಿ ತಾಳ ಹಾಕ್ತಾ, ಮೆಲ್ಲಗೆ ಹಾಡಿದರು. ನಾನೂ ದನಿ ಸೇರಿಸಿದರೆ, "ತಾಳ ತಪ್ಪಿತು, ಇನ್ನೊಂದು ಸಲ" ಅಂದರು.

ಈ ಸಲ ಪಟ್ಟಿ ಮಾಡೋಕೆ ಮುಂಚೆ ಬೆಡ್ಡಿಂದ ಬೆಡ್ಡಿಗೆ ಹೋಗಿ ಕೇಳಿದ್ದೇನೆ. ಮೊದಲು ಹಾಡೋದು ಏಳನೇ ಬೆಡ್ಡಿನ ಅಜ್ಜಿ. ಮೈಕ್ ಬೇಡ ಅಂದಿದ್ದಾರೆ.