ಬಯೋದಲ್ಲಿ ನೀವು, ಪಂಕ್ತಿಯಲ್ಲಿ ನೀವು

ಇನ್‌ಸ್ಟಾಗ್ರಾಂ ಬಯೋಗೆ 150 ಅಕ್ಷರ, ಎಕ್ಸ್‌ನಲ್ಲಿ 160. ಕನ್ನಡದಲ್ಲಿ ಬರೆದರೆ ಜಾಗ ಇನ್ನೂ ಬೇಗ ತುಂಬುತ್ತೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಲಕ್ಷ್ಮಿ’, ಕಂಪ್ಯೂಟರ್ ಅಕ್ಷರ ಗುರುತಿಸೋ ಯೂನಿಕೋಡ್ ಲೆಕ್ಕದಲ್ಲಿ 7! ಅದಕ್ಕೇ ಏನೋ, ಬಹಳ ಜನ ಊರು, ಕೆಲಸ, ಒಂದು ಕ್ಯಾಮೆರಾ ಇಮೋಜಿ ಹಾಕಿ ಮುಗಿಸಿಬಿಡ್ತಾರೆ. ‘ಪ್ರಕೃತಿ ಪ್ರೇಮಿ’ ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. ‘ಭಾನುವಾರ ಬೆಳಗ್ಗೆ ರಂಗನತಿಟ್ಟು, ಕೈಲಿ ಬೈನಾಕ್ಯುಲರ್’ ಅಂತಿದ್ದರೆ ಓದಿದವರಿಗೆ ಕೇಳೋಕೆ ಒಂದು ಪ್ರಶ್ನೆ ಸಿಗುತ್ತೆ.

ಎದುರಾಬದುರು ಮಾತಲ್ಲೂ ಎಡವೋದು ಇಲ್ಲೇ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು “ಏನ್ ಮಾಡ್ಕೊಂಡಿದೀರಿ?” ಅಂತಾರೆ. “ಐಟಿ” ಅಂದು ಸುಮ್ಮನಾದರೆ ಪಾಪ, ಅವರು ಕೋಸಂಬರಿ ನೋಡ್ತಾ ಕೂರಬೇಕು. “ಬ್ಯಾಂಕ್ ಆ್ಯಪ್ ಟೆಸ್ಟಿಂಗ್, ದುಡ್ಡು ಕಟ್ ಆಗಿ ಆ ಕಡೆ ತಲುಪದೇ ಇರುತ್ತಲ್ಲ, ಅದೇ ನಮ್ಮ ತಲೆನೋವು” ಅನ್ನಿ, ಸಾರು ಬರೋಷ್ಟರಲ್ಲಿ ಅವರದೊಂದು ಯುಪಿಐ ಗೋಳು ಶುರುವಾಗಿರುತ್ತೆ. ಆಮೇಲೆ ನೀವು ಕೇಳುವ ಪ್ರಶ್ನೆ ‘ಹೌದಾ?’ ‘ಅಲ್ವಾ?’ ಆಗಬಾರದು, ‘ಹೇಗೆ?’ ‘ಆಮೇಲೇನಾಯ್ತು?’ ಅಂದರೆ ಮಾತು ಎಳೆಯುತ್ತೆ. ಶುರು ಮಾಡೋಕೆ ಏನೂ ತೋಚದಿದ್ದರೆ “ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ?” ಇದ್ದೇ ಇದೆ.

ಫೋನು ಜೇಬಲ್ಲಿರಲಿ. ಎಲೆ ಪಕ್ಕ ಮಗುಚಿಟ್ಟರೂ ಅದು ಗುಂಯ್ ಅಂದಾಗ ಕಣ್ಣು ಅತ್ತ ಹೋಗೇ ಹೋಗುತ್ತೆ, ಎದುರಿನವರು ಅರ್ಧಕ್ಕೇ ಮಾತು ನಿಲ್ಲಿಸ್ತಾರೆ. ಸುಮ್ಮನೆ ಒಂದು ಯೋಚನೆ: ಆನ್‌ಲೈನಲ್ಲಿ ಉತ್ತರಕ್ಕೆ ಅರ್ಧ ದಿನ ತಗೊಂಡರೂ ಯಾರೂ ಏನೂ ಅಂದುಕೊಳ್ಳಲ್ಲ, ಪಂಕ್ತಿಯಲ್ಲಿ ಮಾತ್ರ ಅರೆಗಳಿಗೆ ಮೌನಕ್ಕೇ ಬೆವರ್ತೀವಿ. ಯಾಕೆ? ಪಾಯಸ ಬರುತ್ತಿದೆ, ಮೌನವಾಗೇ ತಿನ್ನಬಹುದು.