ಟವೆಲ್ ಹಾಕುವ ಔಷಧಿ
ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ರೈಲು. ಪಕ್ಕದ ನರ್ಸಿಂಗ್ ಹುಡುಗಿ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ವೆಕ್ಯುರೋನಿಯಂ ಎಂಬ ಔಷಧಿಯ ಬಗ್ಗೆ ಬಾಯಿಪಾಠ ಮಾಡುತ್ತಿದ್ದಳು. ಕುಂಬಳೆ ದಾಟುವಷ್ಟರಲ್ಲಿ ನನಗೂ ಪಾಠ ಆಯ್ತು!

ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ನಾಯುವಿನ ಗ್ರಾಹಕಕ್ಕೆ, ಅಂದರೆ ಅದು ಕೂರುವ ಜಾಗಕ್ಕೆ, ಅಂಟಿಕೊಂಡರೆ ಸ್ನಾಯು ಕುಗ್ಗುತ್ತದೆ. ಈ ಔಷಧಿ ಹೋಗಿ ಆ ಜಾಗ ಹಿಡಿದುಬಿಡುತ್ತದೆ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಕೈಕಾಲು ಅಲುಗುವುದಿಲ್ಲ. ಉಸಿರಾಟದ ಸ್ನಾಯುವೂ ಸುಮ್ಮನಾಗುತ್ತದೆ, ಹಾಗಾಗಿ ವೆಂಟಿಲೇಟರ್ ಬೇಕೇ ಬೇಕು. ಹೃದಯ ಮಾತ್ರ ತನ್ನ ಪಾಡಿಗೆ ಬಡಿಯುತ್ತಿರುತ್ತದೆ.

ನನಗೆ ಜಾಸ್ತಿ ಕಾಡಿದ್ದು ಬೇರೆಯೇ. ಇದರಿಂದ ಪ್ರಜ್ಞೆ ತಪ್ಪುವುದಿಲ್ಲ, ನೋವೂ ಹೋಗುವುದಿಲ್ಲವಂತೆ. ಅದಕ್ಕೆ ಬೇರೆ ಔಷಧಿ ಕೊಡಬೇಕು. ಅಲುಗಾಡದ ರೋಗಿಗೆ ನೋವಿದೆಯಾ ಅಂತ ಕೇಳಿದರೂ ಉತ್ತರ ಬರಲ್ಲ, ಅಲ್ವಾ?

ಆಪರೇಷನ್ ಮುಗಿದರೆ ಸರ್ಜನ್‌ಗೆ ಕೈಮುಗಿಯುತ್ತೇವೆ. ಅರಿವಳಿಕೆ ಡಾಕ್ಟರ ಮುಖ ನೆನಪಿರುವವರು ಯಾರಾದರೂ ಇದ್ದೀರಾ?